ಮೂರು ಮಣ್ಣಿನ ಕುಂಡ

ನರಸಿಂಹಾಚಾರ್ಯರು ಮುಳಬಾಗಿಲಿನ ಉಪನೋಂದಣಿ ಕಚೇರಿಯಲ್ಲಿ ಮೂವತ್ತಮೂರು ವರ್ಷ ಕೂತು, ತಾಲ್ಲೂಕಿನ ಮಣ್ಣನ್ನೆಲ್ಲ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟವರು. ಆದರೆ ತಮ್ಮ ಹೆಂಡತಿ ತನ್ನ ಜೆರೇನಿಯಂ ಕುಂಡಕ್ಕೆ ಯಾವ ಮಣ್ಣು ಹಾಕಿದ್ದಳು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅನಂತಲಕ್ಷ್ಮಿ ತೀರಿಕೊಂಡದ್ದು ವೈಶಾಖದಲ್ಲಿ. ಹೋಗುವ ಮುಂಚೆ ಆಸೆ ಎಂದು ಹೇಳಿದ್ದು ಒಂದೇ. ಕೋಲಾರದಲ್ಲಿರುವ ತಂಗಿ ಚಿತ್ರಾಗೆ ಆ ಗಿಡ ಕೊಡುತ್ತೇನೆಂದು ಮಾತು ಕೊಟ್ಟಿದ್ದಳಂತೆ. ಮಳೆಗಾಲ ಕಳೆದ ಮೇಲೆ ತಪ್ಪದೆ ಕೊಡಬೇಕು. ಅದು ಇಲ್ಲಿನ ನರ್ಸರಿಗಳಲ್ಲಿ ಸಿಗುವ ಕೆಂಪು ಹೂವಿನ ಜಾತಿಯಲ್ಲ. ಚಳಿಗೆ ಜಗ್ಗದ, ಗಂಟುಬೇರಿನ, ನೇರಳೆ ಹೂವಿನ ಜಾತಿ. ಹತ್ತು ವರ್ಷದ ಹಿಂದೆ ಕೋಟಗಿರಿಯಿಂದ ಒಂದು ತುಂಡು ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಬದುಕಿಸಿಕೊಂಡಿದ್ದಳು.

ಶ್ರಾವಣದಲ್ಲಿ ಒಂದು ಕೋತಿ ಕಾಂಪೌಂಡಿನ ಮೇಲಿಂದ ಕುಂಡವನ್ನು ಕೆಡವಿತು. ಆಚಾರ್ಯರು ದೇವರ ಕೋಣೆಯಿಂದ ಎದ್ದು ಬರುವಷ್ಟರಲ್ಲಿ ಮಳೆ ಸುರಿದು ಮಣ್ಣೆಲ್ಲ ಚರಂಡಿ ಸೇರಿತ್ತು. ಗಿಡ ಮಾತ್ರ ಬೇರು ಬಯಲಾಗಿ ಸಿಮೆಂಟಿನ ಮೇಲೆ ಮಲಗಿತ್ತು. ಹೊಸ ಕುಂಡ ತಂದರು. ಮಣ್ಣು ಯಾವುದು ಎಂದು ಯೋಚಿಸುತ್ತ ನಿಂತವರು, ಗೇಟಿನಲ್ಲಿ ಸಿಕ್ಕವರನ್ನು ಒಂದು ಮಾತು ಕೇಳಿದರು. ಕೇಳಿದ್ದೇ ತಪ್ಪಾಯಿತು.

ಮೊದಲು ಬಂದವನು ದೇವರಾಯಸಮುದ್ರದ ಚನ್ನರಾಯಪ್ಪ. ಹಳೆಯ ಪರಿಚಯದ ರೈತ.

“ಮಣ್ಣು ಅಂದ್ರೆ ನಮ್ಮ ಕೆರೆ ಗೋಡು ಸ್ವಾಮಿ. ಅದ್ರಲ್ಲಿ ಸೌದೆ ನೆಟ್ರೂ ಚಿಗುರ್ತದೆ” ಎಂದವನು ಮಾರನೆಯ ದಿನವೇ ಟಿವಿಎಸ್ಸಿನ ಮೇಲೆ ಎರಡು ಮೂಟೆ ತಂದಿಳಿಸಿದ. ಕಪ್ಪಗೆ, ಬೆಣ್ಣೆಯಂತೆ ನುಣ್ಣಗಿತ್ತು. ಬೇಕಾದಷ್ಟು ತೆಗೆದು ಅರ್ಧ ಕುಂಡ ತುಂಬಿದರು.

ಎದುರು ಮನೆಯ ವಂಶಿಕೃಷ್ಣ ಲೆಕ್ಕಪರಿಶೋಧಕ. ಫೋನಿನಲ್ಲಿ ನೋಡದೆ ಅನ್ನಕ್ಕೆ ಉಪ್ಪೂ ಹಾಕಿಕೊಳ್ಳುವವನಲ್ಲ.

“ಅಂಕಲ್, ಈಗಿನ ಪದ್ಧತೀಲಿ ಕುಂಡದ ಮಣ್ಣಲ್ಲಿ ಮಣ್ಣೇ ಇರಬಾರ್ದು” ಎಂದು ತಿಳಿಸಿ, ಬಣ್ಣದ ಚೀಲದಲ್ಲಿ ಬರುವ ಸಿದ್ಧ ಗೊಬ್ಬರಮಣ್ಣು ತರಿಸಿದ. ಜೊತೆಗೆ ಮಣ್ಣಿನ ಹುಳಿ ಅಳೆಯುವ ಕಡ್ಡಿಯೊಂದನ್ನೂ ತರಿಸಿ ಕುಂಡಕ್ಕೆ ಚುಚ್ಚಿದ. ಅದು ತೋರಿಸಿದ ಅಂಕಿ ಒಳ್ಳೆಯದೋ ಕೆಟ್ಟದ್ದೋ ಅವನಿಗೂ ಗೊತ್ತಾಗಲಿಲ್ಲ, ಆದರೆ ಬರೆದಿಟ್ಟುಕೊಂಡ. ಉಳಿದರ್ಧ ಕುಂಡವೂ ತುಂಬಿ, ಗಿಡ ನೆಟ್ಟದ್ದಾಯಿತು.

ಮೂರನೆಯವರು ಸಹಪಾಠಿ ಸುಮಧ್ವಾಚಾರ್ಯರು. ಯಾತ್ರೆಯಿಂದ ಬಂದವರು ಸಣ್ಣ ಪೊಟ್ಟಣ ಬಿಚ್ಚಿದರು. ಗುರುಗಳ ಬೃಂದಾವನದ ಮೃತ್ತಿಕೆ, ಹಣೆಗೆ ಹಚ್ಚಿಕೊಳ್ಳುವ ಪ್ರಸಾದದ ಮಣ್ಣು.

“ಲೋ ನರಸಿಂಹ, ಹೋದವಳ ಮಾತು ಉಳೀಬೇಕಾದ್ರೆ ಗುರುಗಳೇ ಉಳಿಸ್ಬೇಕು ಕಣೋ” ಎಂದು ಕಣ್ಣಿಗೊತ್ತಿಕೊಂಡು ಒಂದು ಚಿಟಿಕೆ ಉದುರಿಸಿ ಬೆರೆಸಿದರು. ನರಸಿಂಹಾಚಾರ್ಯರ ಕಣ್ಣೂ ಒದ್ದೆಯಾಯಿತು.

ಆಮೇಲೆ ಸುಮಧ್ವಾಚಾರ್ಯರು ಕನ್ನಡಕ ಏರಿಸಿ ವಂಶಿಯ ಖಾಲಿ ಚೀಲವನ್ನು ಓದಿದರು. ನಾಲ್ಕನೆಯ ಸಾಲಿನಲ್ಲಿ ಮೂಳೆಪುಡಿ ಎಂದಿತ್ತು.

“ಶುದ್ಧ ಮಾಡಿದ್ದು ಸರ್. ಹೈ ಟೆಂಪರೇಚರ್ ಅಲ್ಲಿ ಕಾಯಿಸಿರ್ತಾರೆ” ಎಂದ ವಂಶಿ.

“ಮೂಳೆಗೆ ಬಿಸಿನೀರಿನ ಸ್ನಾನ ಮಾಡಿಸಿದ್ರೆ ಮಡಿ ಆಗ್ಬಿಡತ್ತೇನಯ್ಯಾ? ಮೃತ್ತಿಕೆ ಅದರ ಜೊತೆ ಸೇರಿಹೋಯ್ತಲ್ಲೋ.”

ಸೇರಿದ್ದನ್ನು ಬಿಡಿಸುವುದು ಯಾರಿಂದಲೂ ಆಗದು. ಶುದ್ಧಿ ಮಾಡಬಹುದು. ಸುಮಧ್ವಾಚಾರ್ಯರು ಯೋಚಿಸಿ, ನಲವತ್ತೆಂಟು ದಿನ ಬೆಳಿಗ್ಗೆ ಒಂದು ತಂಬಿಗೆ ಅಭಿಷೇಕದ ನೀರು ಎಂದು ಗೊತ್ತುಮಾಡಿದರು. ಗೋಡಿನ ತೇವ ಆರಬಾರದೆಂದು ಚನ್ನರಾಯಪ್ಪ ಹೇಳಿಹೋಗಿದ್ದರಿಂದ ಮಧ್ಯಾಹ್ನ ಇನ್ನೊಂದು ತಂಬಿಗೆ. ವಂಶಿಯ ಫೋನು ಸಂಜೆ ನೀರೇ ಶ್ರೇಷ್ಠ ಎನ್ನುತ್ತಿತ್ತು.

ಇಪ್ಪತ್ತನೆಯ ದಿನಕ್ಕೆ ಎಲೆ ಹಳದಿಯಾಯಿತು. ತಿಂಗಳಿಗೆ ಉಳಿದದ್ದು ಮೂರೇ ಎಲೆ, ಮೂವರು ಸಲಹೆಗಾರರಿಗೆ ಒಂದೊಂದರಂತೆ. ಒಬ್ಬೊಬ್ಬರೂ ಉಳಿದಿಬ್ಬರ ಮಣ್ಣನ್ನು ಬೈದು, ತಮ್ಮದನ್ನು ಇನ್ನಷ್ಟು ಹಾಕಿಹೋದರು. ಚಿತ್ರಾ ಫೋನು ಮಾಡಿ, “ಭಾವ, ದೀಪಾವಳಿ ಆದ್ಮೇಲೆ ಬರ್ತೀನಿ. ಅಕ್ಕನ ಗಿಡ ಹೇಗಿದೆ?” ಎಂದಾಗ ಆಚಾರ್ಯರು, “ಇದೆಯಮ್ಮ” ಎಂದಷ್ಟೇ ಅಂದರು. ಜೀವಮಾನದಲ್ಲಿ ಸುಳ್ಳು ಸಾಕ್ಷಿ ಹಾಕಿದವರಲ್ಲ. ಅಂದು ಸಂಜೆಯೇ ಸುಮಧ್ವಾಚಾರ್ಯರ ಮನೆಗೆ ಹೋದರು.

“ಆ ಮಣ್ಣು ತೆಗೆದುಬಿಡೋಣ ಸುಮಧ್ವ.”

“ತೆಗೆದು ಎಲ್ಲಿ ಹಾಕ್ತೀಯ? ಮೃತ್ತಿಕೆ ಇದೆ, ಕಾಲು ತುಳಿಯೋ ಕಡೆ ಹಾಕಕೂಡದು. ತುಳಸಿಕಟ್ಟೆಗೆ ಹಾಕೋಣ ಅಂದ್ರೆ ಮೂಳೆಪುಡಿ. ಹರಿಯೋ ನೀರಿಗೆ ಬಿಡೋಣ ಅಂದ್ರೆ ಈ ಸೀಮೇಲಿ ನೀರು ಎಲ್ಲಿ ಹರಿಯುತ್ತೆ ತೋರ್ಸು.”

ಹೀಗೆ ಆ ಮಣ್ಣಿಗೆ ಭೂಮಿಯ ಮೇಲೆಲ್ಲೂ ಜಾಗವಿಲ್ಲದಂತಾಯಿತು.

ಮರುದಿನ ನರಸಿಂಹಾಚಾರ್ಯರು ಯಾರಿಗೂ ಹೇಳದೆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ನರ್ಸರಿಗಳಿಗೆ ಹೆಸರಾದ ಮಾಲೂರಿನಲ್ಲಿ ಇಳಿದು, ಆಟೋ ಹಿಡಿದು, ಲಕ್ಕೂರು ದಾರಿಯಲ್ಲಿ ಕಣ್ಣಿಗೆ ಬಿದ್ದ ಮೊದಲ ನರ್ಸರಿಯ ಮುಂದೆ ನಿಲ್ಲಿಸಿದರು. ಒಡತಿ ವೆಂಕಟರತ್ನಮ್ಮ ಕುಂಡಕ್ಕೆ ಬೆರಳಿಟ್ಟಳು. ಬೆರಳು ಗೆಣ್ಣಿನವರೆಗೂ ಇಳಿಯಿತು.

“ಸ್ವಾಮಿ, ಇದಕ್ಕೆ ರೋಗ ಏನೂ ಇಲ್ಲ, ಅಜೀರ್ಣ ಆಗೈತೆ. ಎಷ್ಟು ಜನ ಸೇರಿ ಬಡಿಸಿದ್ದೀರಿ?”

“ನಾಲ್ಕು ಜನ” ಎಂದರು ಆಚಾರ್ಯರು, ತಮ್ಮನ್ನೂ ಸೇರಿಸಿಕೊಂಡು. “ಯಾವ ಮಣ್ಣು ಒಳ್ಳೇದಮ್ಮಾ ಇದಕ್ಕೆ?”

“ಒಳ್ಳೇ ಮಣ್ಣು ಬೇಡ ಬುಡಿ. ಕೆಂಪು ಮಣ್ಣು ಅರ್ಧ, ಜಲ್ಲಿಪುಡಿ ಅರ್ಧ, ಹಳೇ ಗೊಬ್ಬರ ಒಂದೇ ಹಿಡಿ. ಸುರಿದ ನೀರು ತಳದಿಂದ ಆಚೆ ಹೋಗ್ಬೇಕು. ಮೇಲೆ ಒಣಗಿದ್ಮೇಲೆ ಮತ್ತೆ ನೀರು.” ಕುಂಡವನ್ನು ಮಗುಚಲು ಕೈಹಾಕಿದಳು.

“ನಿಲ್ಲಮ್ಮ. ಅದರಲ್ಲಿ ಬೃಂದಾವನದ ಮೃತ್ತಿಕೆ ಇದೆ. ತುಳಿಯೋ ಹಾಗಿಲ್ಲ.”

ವೆಂಕಟರತ್ನಮ್ಮ ಕೈ ಹಿಂದೆಗೆದು ಚಪ್ಪಲಿ ಬಿಟ್ಟಳು. ಆಮೇಲೆ ಸಸಿ ಕಟ್ಟುತ್ತಿದ್ದ ಹೆಂಗಸರತ್ತ ತಿರುಗಿ, “ರಾಂಡಮ್ಮಾ, ರಾಂಡಿ” ಎಂದು ತೆಲುಗಿನಲ್ಲಿ ಕರೆದು, “ಬನ್ನಿ, ಪ್ರಸಾದದ ಮಣ್ಣು ಬಂದೈತೆ” ಎಂದು ಕೂಗಿದಳು. ಎಂಟು ಹತ್ತು ಜನ ಕೈ ತೊಳೆದು ಸಾಲು ನಿಂತರು. ಒಬ್ಬಳಿಗೆ ಮಗಳ ಹೆರಿಗೆ, ಒಬ್ಬಳಿಗೆ ಮೊಣಕಾಲು, ಒಬ್ಬಳಿಗೆ ಗಂಡನ ಕುಡಿತ. ಹಿಡಿ ಹಿಡಿಯಾಗಿ ಸೆರಗಿಗೆ ಕಟ್ಟಿಕೊಂಡರು.

ಆಚಾರ್ಯರಿಗೆ ತಡೆಯಲಾಗಲಿಲ್ಲ. “ತಾಯಂದಿರಾ, ಕೇಳಿ. ಮೃತ್ತಿಕೆ ಇರೋದು ಒಂದೆರಡು ಚಿಟಿಕೆ. ಉಳಿದದ್ದು ಕೆರೆ ಗೋಡು, ಚೀಲದ ಮಣ್ಣು. ಅದರಲ್ಲಿ ಮೂಳೆಪುಡಿ ಬೇರೆ ಇದೆ.”

ಮೊಣಕಾಲಿನವಳು ಸೆರಗಿನ ಗಂಟು ಬಿಗಿಮಾಡುತ್ತ, “ಇರ್ಲಿ ಬುಡಿ ಸ್ವಾಮಿ. ಭೂಮ್ತಾಯಿ ಹೊಟ್ಟೇಲಿ ಯಾರ ಮೂಳೆ ಇಲ್ಲ ಹೇಳಿ?” ಎಂದಳು.

ಆಚಾರ್ಯರು ಅಲ್ಲೇ ಇದ್ದ ಇಟ್ಟಿಗೆಯ ಮೇಲೆ ಕೂತುಬಿಟ್ಟರು. ಶ್ರೀರಂಗಪಟ್ಟಣದ ನೀರಿನಲ್ಲಿ ತಾವು ಬಿಟ್ಟುಬಂದ ಅನಂತಲಕ್ಷ್ಮಿಯ ಅಸ್ಥಿ ಈಗ ಯಾವ ಗದ್ದೆಯ ಮಣ್ಣಾಗಿದೆಯೋ ಎಂದುಕೊಂಡರು. ಅದನ್ನು ಯಾರು ಮಡಿ ಎಂದಾರು, ಯಾರು ಮೈಲಿಗೆ ಎಂದಾರು. ವೆಂಕಟರತ್ನಮ್ಮ ಖಾಲಿಯಾದ ಕುಂಡದಿಂದ ಬೇರನ್ನು ಎತ್ತಿ, ಕೊಳೆತದ್ದನ್ನು ಚಾಕುವಿನಿಂದ ಕತ್ತರಿಸಿ, ಗಟ್ಟಿ ಉಳಿದ ಹೆಬ್ಬೆರಳುದ್ದದ ಒಂದು ಗಂಟನ್ನು ಜಲ್ಲಿಮಣ್ಣಿನಲ್ಲಿ ಊರಿಕೊಟ್ಟಳು.

ದೀಪಾವಳಿಯ ಹೊತ್ತಿಗೆ ಅದರಲ್ಲಿ ಐದು ಎಲೆ ಇದ್ದವು. ಚಿತ್ರಾ ಬಂದ ದಿನ ಸಲಹೆಗಾರರೂ ಹಾಜರಿದ್ದರು.

“ಮೃತ್ತಿಕೆಯ ಮಹಿಮೆ” ಎಂದರು ಸುಮಧ್ವಾಚಾರ್ಯರು.

“ನಮ್ಮ ಗೋಡಿನ ಸಾರ ಇನ್ನೂ ಬೇರಲ್ಲೇ ಐತೆ” ಎಂದ ಚನ್ನರಾಯಪ್ಪ. ವಂಶಿ ತನ್ನ ಅಂಕಿಗಳನ್ನು ತೋರಿಸಿದ.

ಚಿತ್ರಾ ಎಲ್ಲರನ್ನೂ ನೋಡಿ, “ಭಾವ, ಇದಕ್ಕೆ ಮಣ್ಣು ಯಾವುದು ಹಾಕ್ಬೇಕು?” ಎಂದಳು.

ಮೂರು ಬಾಯಿ ಒಟ್ಟಿಗೆ ತೆರೆದವು. ಆಚಾರ್ಯರು ಕೈಯೆತ್ತಿ ತಡೆದು, ಕೆಂಪು ಮಣ್ಣು, ಜಲ್ಲಿಪುಡಿ, ಒಂದು ಹಿಡಿ ಗೊಬ್ಬರ ಎಂದು ದಸ್ತಾವೇಜು ಓದುವ ದನಿಯಲ್ಲಿ ಹೇಳಿ, ಕುಂಡವನ್ನು ಅವಳ ಕೈಗಿಟ್ಟರು. ಅವಳು ಅದನ್ನು ಎದೆಗವಚಿಕೊಂಡಳು.

“ಬೇರು ಇನ್ನೊಂಚೂರು ಬಲೀಲಿ, ಒಂದು ತುಂಡು ಬಿಡಿಸಿ ನಿಮಗೂ ತಂದ್ಕೊಡ್ತೀನಿ ಭಾವ. ಮನೇಲಿ ಅಕ್ಕಂದು ಅಂತ ಇರುತ್ತೆ.”

“ಬೇಡಮ್ಮ. ಅವಳ ಮಾತು ಉಳೀತು, ಸಾಕು. ಗಿಡ ಇಲ್ಲಿದ್ರೆ ಇವರು ಮೂವರೂ ಅದನ್ನ ಬದುಕೋಕೆ ಬಿಡಲ್ಲ” ಎಂದು ಆಚಾರ್ಯರು ಮೆಟ್ಟು ಹಾಕಿಕೊಂಡು, ಅವಳನ್ನು ಬಸ್ಸು ಹತ್ತಿಸಲು ಹೊರಟರು.