ಒಳಡಬ್ಬಿಯ ಹಸಿರು

ಬಾಗಿಲು ತೆಗೆದದ್ದೇ ತಡ, ಅಕ್ಕ ಮೊಬೈಲನ್ನು ತಂಗಿಯ ಮೂಗಿಗೇ ಹಿಡಿದಳು. ಅಕ್ಕನ ಗಡ್ಡೆಯ ಪರೀಕ್ಷೆಯ ಫಲಿತಾಂಶ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಬಂದಿತ್ತು. ಹಸಿರು ಪಟ್ಟಿ, ಅದರೊಳಗೆ 'ಆತಂಕವಿಲ್ಲ' ಎಂಬ ಬರಹ. ವಾರದಿಂದ ಊಟ ಸೇರದೆ ಕೂತಿದ್ದವಳು ತಲೆ ಬಾಚಿ, ಒಳ್ಳೆಯ ಬಟ್ಟೆ ತೊಟ್ಟಿದ್ದಳು. ಭಾವ ಕೋಣೆಯಲ್ಲಿ ನೆಂಟರಿಗೆಲ್ಲ ಫೋನು ಹಚ್ಚಿ ಸುದ್ದಿ ಹಂಚುತ್ತಿದ್ದ.

"ಎಲ್ಲಾ ನಿನ್ನ ಕೈಗುಣ ಕಣೆ," ಎಂದಳು ಅಕ್ಕ. ಆ ವೆಬ್‌ಸೈಟು ಕಟ್ಟಿದವಳು ತಂಗಿಯೇ.

ಅವಳ ಕೆಲಸ ಏನೆಂದು ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ತಿಳಿದಿರಲಿಲ್ಲ. ಡಬ್ಬಿಯೊಳಗೆ ಡಬ್ಬಿ ಇಡುವ ಕೆಲಸ ಅಂದುಕೊಳ್ಳಿ ಎಂದು ಒಮ್ಮೆ ಬೇಸತ್ತು ಹೇಳಿದ್ದೇ ತಪ್ಪಾಯಿತು, ಭಾವ ಅಂದಿನಿಂದ ಅವಳನ್ನು ಡಬ್ಬಿ ಇಂಜಿನಿಯರ್ ಎಂದೇ ಕರೆಯುತ್ತಿದ್ದ. ಮಾತೇನೂ ಸುಳ್ಳಲ್ಲ. ಇಡೀ ಪುಟ ಹೊರಡಬ್ಬಿ, ಅದರೊಳಗೆ ರೋಗಿಯ ವಿವರ ತೋರಿಸುವ ಕಾರ್ಡು ನಡುಡಬ್ಬಿ, ಬಣ್ಣದ ಪಟ್ಟಿ ಒಳಡಬ್ಬಿ. ವೈದ್ಯರು ಬರೆದದ್ದು ಮೊದಲು ಪುಟಕ್ಕೆ ಬರುತ್ತದೆ. ಪುಟ ಅದನ್ನು ಕಾರ್ಡಿಗೆ ಕೊಡಬೇಕು, ಕಾರ್ಡು ಪಟ್ಟಿಗೆ ಕೊಡಬೇಕು. ನಡುವಿನದು ಕೈಕೊಟ್ಟರೆ ಒಳಗಿನದಕ್ಕೆ ಹೊರಗಿನ ಸುದ್ದಿ ತಿಳಿಯುವ ಬಗೆಯೇ ಇಲ್ಲ. ಪಾಪ, ಅದು ಮೊದಲೇ ಹೇಳಿಕೊಟ್ಟ ಮಾತನ್ನು ಒಪ್ಪಿಸುತ್ತದೆ.

ಆ ಮಾತು ಹೇಳಿಕೊಟ್ಟವಳೂ ತಂಗಿಯೇ. ಕಟ್ಟುವಾಗ ಪಟ್ಟಿ ಬೋಳಾಗಿ ಕಾಣುತ್ತದೆಂದು ಹಸಿರು ಬಳಿದು 'ಆತಂಕವಿಲ್ಲ' ಎಂದು ಬರೆದಿಟ್ಟಿದ್ದಳು. ಆಮೇಲೆ ತೆಗೆದರಾಯಿತು ಅಂದುಕೊಂಡಿದ್ದಳು.

ಪಟ್ಟಿಯ ಕೆಳಗೆ ವೈದ್ಯರ ಮಾತು ಇರಬೇಕಿತ್ತು. ಅಕ್ಕನ ಮೊಬೈಲಿನಲ್ಲಿ ಆ ಜಾಗ ಖಾಲಿ. ತಂಗಿ ಪುಟವನ್ನು ಮತ್ತೆ ತೆರೆದು ನೋಡಿದಳು, ಆಗಲೂ ಖಾಲಿ. ಆ ಪುಟದ ಹಳೆಯ ಕಾರ್ಡು ತೆಗೆದು ತಾನು ಹೊಸದನ್ನು ಕೂರಿಸಿದ್ದು ಅಂದು ಮಧ್ಯಾಹ್ನವಷ್ಟೇ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ನೋಡಿದಳು. ಪುಟದ ಬಳಿ ಎಲ್ಲವೂ ಇತ್ತು: ಅಕ್ಕನ ಹೆಸರು, ವಯಸ್ಸು, ಕೆಂಪು ಬಣ್ಣ, ಗಡ್ಡೆ ಹರಡಿದೆ, ತಡಮಾಡದೆ ಬಂದು ಕಾಣಿ. ಹೊಸ ಕಾರ್ಡು ಹೆಸರು, ವಯಸ್ಸನ್ನಷ್ಟೇ ತೋರಿಸಿ ಉಳಿದದ್ದನ್ನು ನುಂಗಿಕೊಂಡಿತ್ತು. ಕಾರ್ಡಿನ ಮೇಲೆ ಸಿಟ್ಟು ಮಾಡಿ ಏನು ಬಂತು, ಬರೆದ ಕೈ ತನ್ನದೇ.

ಇವತ್ತೊಂದು ರಾತ್ರಿ ಅಕ್ಕ ನೆಮ್ಮದಿಯಾಗಿ ಮಲಗಲಿ ಎಂದು ಅವಳಿಗೆ ಎನ್ನಿಸದೆ ಇರಲಿಲ್ಲ. ಆದರೆ ಅಕ್ಕ ಆಗಲೇ ಅವಳ ಮುಖ ನೋಡುತ್ತಿದ್ದಳು.

"ಅಕ್ಕಾ, ಆ ಹಸಿರು ಡಾಕ್ಟ್ರು ಹೇಳಿದ್ದಲ್ಲ. ನಾನು ಹಾಕಿಟ್ಟಿದ್ದು."

ಅಕ್ಕ ಕುರ್ಚಿ ಎಳೆದು ಕೂತಳು. ಮತ್ತೆ ಡಾಕ್ಟರು ಏನು ಹೇಳಿದ್ದಾರೆ ಎಂದು ಕೇಳಿದಳು. ಓದಿ ಹೇಳುವ ಧೈರ್ಯ ಸಾಲದೆ ತಂಗಿ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದಳು. ಅಕ್ಕ ನಿಧಾನವಾಗಿ ಓದಿದಳು. ಅತ್ತದ್ದು ತಂಗಿ.

"ಇದು ನನಗೊಬ್ಬಳಿಗೇ ಆಗಿರೋದಾ?"

ಮಧ್ಯಾಹ್ನದಿಂದ ನೋಡಿದವರಿಗೆಲ್ಲ ಎಂದಳು ತಂಗಿ.

"ಹಾಗಾದ್ರೆ ಮೊದ್ಲು ಅದನ್ನ ಸರಿಮಾಡು. ಇನ್ನೂ ಎಷ್ಟು ಮನೇಲಿ ನಗ್ತಾ ಕೂತಿದಾರೋ."

ತಂಗಿ ಹಸಿರನ್ನು ಅಳಿಸಿ, ಕಾರ್ಡಿನಿಂದ ಪಟ್ಟಿಗೆ ಸುದ್ದಿ ದಾಟಿಸುವ, ಬಿಟ್ಟುಹೋಗಿದ್ದ ಸಾಲನ್ನು ಬರೆಯತೊಡಗಿದಳು. ಅವಸರಕ್ಕೆ ಮತ್ತೆ ಮತ್ತೆ ತಪ್ಪಾಯಿತು. ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು, ಅವಸರ ಬೇಡ, ನೋಡಿಕೊಂಡು ಬರೆ ಎಂದಳು. ಬರೆದು ಮುಗಿಯುವವರೆಗೆ ಪಕ್ಕದಲ್ಲೇ ಇದ್ದು, ಆಮೇಲೆ ಭಾವನಿಗೆ ಹೇಳಲು ಕೋಣೆಗೆ ಹೋದಳು.