ಮತ್ತೆ ಮತ್ತೆ ಆಫ್ ಆಗುವ ಸರ್ವರ್

೧
ಎಲ್ಲಿಂದ ಶುರು ಮಾಡಲಿ? ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು ಅಂತ ಶುರು ಮಾಡಿದರೆ ನೀವು 'ಅಷ್ಟೇನಾ' ಅನ್ನುತ್ತೀರಿ. ಅಪ್ಪನ ಹೊಟ್ಟೆಯೊಳಗಿನ ಗಂಟಿನಿಂದ ಶುರು ಮಾಡಿದರೆ ಪುಟ ಮಗುಚಿ ಓಡುತ್ತೀರಿ. ನಾನೂ ಓಡುತ್ತೇನೆ, ಸುಳ್ಳೇಕೆ.

೧ (ಮತ್ತೊಮ್ಮೆ)
ನನ್ನ ಕಥೆಯಲ್ಲಿ ಒಬ್ಬ ಅಕ್ಕ, ಅವಳ ತಮ್ಮ, ಅವರ ಅಪ್ಪ. ಅಕ್ಕ ನಡೆಸುವ ಸ್ಕ್ಯಾನಿಂಗ್ ಸೆಂಟರಿನ ಹಿಂದಿನ ಕೋಣೆ. ಎಸಿ ಇದೆ, ಕಿಟಕಿ ಇಲ್ಲ. ಹಳೆಯ ಸರ್ವರ್ ಕೈಕೊಟ್ಟಿದೆ, ಅದರ ಡಿಸ್ಕ್‌ಗಳು ಮಾತ್ರ ಚೆನ್ನಾಗಿವೆ. ಕಂಪ್ಯೂಟರ್ ರಿಪೇರಿ ಮಾಡುವ ತಮ್ಮ ಬಿಡಿಭಾಗ ತಂದು ಹೊಸ ಸರ್ವರ್ ಜೋಡಿಸಿ, ಆ ಡಿಸ್ಕ್‌ಗಳನ್ನು ಅದಕ್ಕೆ ಸಿಕ್ಕಿಸಿದ್ದಾನೆ. ಅವುಗಳಲ್ಲಿ ಕಳೆದ ವರ್ಷದ ಅಪ್ಪನ ಸ್ಕ್ಯಾನ್ ಇದೆ. ಈ ವಾರದ್ದು ಅಕ್ಕನ ಪೆನ್‌ಡ್ರೈವಿನಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗಂಟು ಬೆಳೆದಿದೆಯೋ ಇಲ್ಲವೋ ಅಕ್ಕನಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಬೆಳೆಯದಿದ್ದರೆ ಮನೆಗೆ, ಬೆಳೆದಿದ್ದರೆ ಆಪರೇಷನ್ನಿಗೆ. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ.

(ಹಿಂದಿನ ಡ್ರಾಫ್ಟಿನಲ್ಲಿ ಅಪ್ಪ ಮನೆಯಲ್ಲೇ ಹಾಯಾಗಿ ನಿದ್ದೆ ಮಾಡುತ್ತಿದ್ದರು. ಎಬ್ಬಿಸಿ ಕರೆತಂದವನು ನಾನು. ಕಥೆಗೆ ಬಿಸಿ ಸಾಲದು ಅನ್ನಿಸಿತು. ಎಂಥ ಮನುಷ್ಯ ನೋಡಿ ನಾನು.)

೨
ತಮ್ಮ ಸ್ವಿಚ್ ಒತ್ತಿದ. ಫ್ಯಾನ್‌ಗಳು ಭರ್ರೆಂದವು. ಪರದೆ ಕಪ್ಪು. ಸ್ವಲ್ಪ ಹೊತ್ತು ನೋಡಿ ಆಫ್ ಮಾಡಿದ. ಮೆಮೊರಿ ಕಡ್ಡಿಗಳನ್ನೆಲ್ಲ ಕಿತ್ತು, ಒರೆಸಿ, ಮತ್ತೆ ಕೂರಿಸಿದ. ಆನ್. ಕಪ್ಪು. ಆಫ್. ಕೇಬಲ್ ಬದಲಿಸಿದ. ಆನ್, ಕಪ್ಪು, ಆಫ್.

"ಏನಾಯ್ತೋ?" ಅಂದಳು ಅಕ್ಕ.

"ಮದರ್‌ಬೋರ್ಡ್ ಮೇಲೇ ಡೌಟು ಅಕ್ಕಾ."

೩
ಇಲ್ಲಿ ನಾನು ಮೂಗು ತೂರಿಸಬೇಕಾಯಿತು. ಬರೆಯಲು ಕೂರುವ ಮೊದಲು ಬೋರ್ಡಿನ ಕೈಪಿಡಿ ಓದಿಕೊಂಡಿದ್ದೆ (ಕಥೆಗಾರರೂ ಓದುತ್ತಾರೆ, ನಗಬೇಡಿ). ಇಷ್ಟೊಂದು ಮೆಮೊರಿ ಹಾಕಿದ ಸರ್ವರ್ ಮೊದಲ ಸಲ ಆನ್ ಆದಾಗ ಒಂದೊಂದು ಕಡ್ಡಿಯನ್ನೂ ಪರೀಕ್ಷಿಸಿಕೊಳ್ಳುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ. ನಡುವೆ ಆಫ್ ಮಾಡಿದರೆ ಎಲ್ಲ ಮೊದಲಿನಿಂದ.

"ನೋಡಪ್ಪಾ," ಅಂದೆ ತಮ್ಮನಿಗೆ, "ಯಂತ್ರ ಸರಿಯಾಗೇ ಇದೆ. ನಿಂಗೇ ತಾಳ್ಮೆ ಇಲ್ಲ. ಆಫ್ ಮಾಡ್ದೆ ಸುಮ್ನೆ ಕೂತ್ಕೋ."

"ಗೊತ್ತು ಕಣ್ರೀ. ಇಂಥವು ಎಷ್ಟು ಜೋಡ್ಸಿಲ್ಲ ನಾನು? ನಂಗೇ ಪಾಠ ಹೇಳ್ಬೇಡಿ."

"ಗೊತ್ತಿದ್ದೂ ಯಾಕೆ ಆಫ್ ಮಾಡ್ತೀಯ?"

ಅವನು ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತ ನಿಂತ.

"ಆನ್ ಆದ್ರೆ ನೋಡ್ಬೇಕಾಗುತ್ತಲ್ರೀ," ಅಂದ ಕೊನೆಗೆ, ಅಕ್ಕನಿಗೆ ಕೇಳದ ಹಾಗೆ.

ನನ್ನ ಪ್ಲಾನ್ ತಲೆಕೆಳಗಾಯಿತು. ಒಂದು ಪೆದ್ದು ತಪ್ಪು, ಕೊನೆಗೊಂದು ನಗು ಅಂತ ಲೆಕ್ಕ ಹಾಕಿದ್ದೆ. ಮೊದಲ ಪ್ಯಾರಾವನ್ನೇ ನಾನು ಮತ್ತೆ ಮತ್ತೆ ಬರೆಯುತ್ತಿದ್ದುದು ಯಾಕೆಂದು ಆಗ ಹೊಳೆಯಿತು. ನನಗೂ ಅವನಷ್ಟೇ ಭಯ.

೪
ಮುಕ್ತಾಯ, ಒಂದನೆಯದು: ಗಂಟು ಇದ್ದಷ್ಟೇ ಇದೆ. ಬರೆದು ಅಕ್ಕನಿಗೆ ತೋರಿಸಿದೆ. "ನಮ್ ಸಮಾಧಾನಕ್ಕೆ ಬರ್ದಿದೀರಾ," ಅಂದಳು.

ಎರಡನೆಯದು: ಬೆಳೆದಿದೆ. ಒಂದೇ ಸಾಲು ಬರೆದೆ, ಅಳಿಸಿದೆ.

೬ (ಐದನ್ನು ಹರಿದೆ, ಕೇಳಬೇಡಿ)
ಅಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. (ಇದು ನಾನು ಬರೆದದ್ದಲ್ಲ. ಅವರಾಗೇ ಬಂದರು.)

"ಆಗ್ಲಿಲ್ವೇನೋ?"

"ಇಲ್ಲಪ್ಪಾ. ಬೋರ್ಡ್ ಕೆಟ್ಟಿರ್ಬೇಕು."

"ಸುಳ್ಳು ಹೇಳೋದು ನಿಂಗೆ ಚಿಕ್ಕಂದಿನಿಂದ್ಲೂ ಬರಲ್ಲ."

ಅಪ್ಪ ಸ್ಟೂಲ್ ಎಳೆದುಕೊಂಡು ಸ್ವಿಚ್ಚಿಗೂ ಮಗನಿಗೂ ನಡುವೆ ಕೂತರು. ತಾವೇ ಬೆರಳು ಚಾಚಿ ಒತ್ತಿದರು.

"ನಂಗೂ ಹೆದ್ರಿಕೇನೇ ಕಣೋ. ಕೂತ್ಕೋ. ಏನಾದ್ರೂ ಮಾತಾಡ್ತಾ ಇರೋಣ."

ಫ್ಯಾನ್‌ಗಳು ಭರ್ರೆಂದವು. ಪರದೆ ಕಪ್ಪು. ಅಭ್ಯಾಸಬಲದಿಂದ ತಮ್ಮನ ಕೈ ಸ್ವಿಚ್ಚಿನ ಕಡೆ ಹೋಯಿತು. ಅಪ್ಪನ ಭುಜ ಅಡ್ಡ ಇತ್ತು. ಕೈ ಅಲ್ಲೇ, ಭುಜದ ಮೇಲೇ ಉಳಿಯಿತು. ಮೂವರೂ ಏನೇನೋ ಮಾತಾಡಿದರು, ಯಾರಿಗೂ ಏನೂ ಕೇಳಿಸಲಿಲ್ಲ.

ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿನುಗಿತು.

ನಾನು ಪೆನ್ನು ಹಿಡಿದು ಮುಂದೆ ಬಗ್ಗಿದೆ. ಅಕ್ಕ ನನ್ನ ಕಡೆ ತಿರುಗಿದಳು. "ನೀವಿನ್ನು ಹೊರಡಿ. ಇದು ನಮ್ಮನೆ ವಿಷ್ಯ."

ಹೊರಗೆ ಬಂದೆ. ಒಳಗಿನಿಂದ ಚಿಲಕ ಬಿತ್ತು. ಯಾರೂ ಅತ್ತ ಹಾಗಿಲ್ಲ, ನಕ್ಕ ಹಾಗೂ ಇಲ್ಲ. ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೇನೆ. ನೀವೂ ಸ್ವಲ್ಪ ಸದ್ದು ಮಾಡದೆ ನಿಲ್ಲಿ.