ಮೊರವಾಗದ ದಬ್ಬೆ

ನಾನು ಒಂದು ಬಿದಿರಿನ ದಬ್ಬೆ. ಒಂದು ಕಾಲಕ್ಕೆ ಹದಿನಾಲ್ಕು ಅಡಿ ಉದ್ದವಿದ್ದೆ, ಈಗ ಒಂಬತ್ತು ಅಡಿ ಉಳಿದಿದ್ದೇನೆ. ಮಿಕ್ಕ ಐದು ಅಡಿ ಏನಾಯಿತು ಎಂದು ಕೇಳುವವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಮೋರಿಯೊಳಗೆ ನುಗ್ಗಿ ಬದುಕಿದವನು ನಾನು, ಅವಸರ ಮಾಡಿದರೆ ಕೆಲಸ ಕೆಡುತ್ತದೆಂದು ಚೆನ್ನಾಗಿ ಗೊತ್ತು.

ಹುಟ್ಟಿದ್ದು ಎಚ್.ಡಿ. ಕೋಟೆ ಕಡೆಯ ಒಂದು ಬಿದಿರು ಮೆಳೆಯಲ್ಲಿ. ಗಾಳಿ ಬಂದಾಗ ಪಕ್ಕದವರ ಮೈಗೆ ಮೈ ಉಜ್ಜಿ ಕಿರ್ರೆನ್ನುವುದನ್ನು ಬಿಟ್ಟರೆ ಅಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಒಂದು ದಿನ ಕಡಿದರು, ಲಾರಿಗೆ ತುಂಬಿದರು, ಮೈಸೂರಿನ ಬಂಬೂ ಬಜಾರಿನಲ್ಲಿ ಇಳಿಸಿದರು. ಅಲ್ಲಿ ನಮ್ಮನ್ನು ಕೊಂಡವಳು ಮೇದರ ಚೌಡಮ್ಮ. ನನ್ನನ್ನು ಕೈಯಲ್ಲಿ ಹಿಡಿದವರನ್ನೆಲ್ಲ ನಾನು ಏಕವಚನದಲ್ಲೇ ಕರೆಯುತ್ತೇನೆ. ಅಷ್ಟು ಸಲುಗೆ ನನಗಿದೆ.

ಗೌರಿ ಹಬ್ಬ ಹತ್ತಿರ ಬಂದಿತ್ತು. ಬಾಗಿನಕ್ಕೆ ಮೊರ ಬೇಕೆಂದು ಜನ ಚೌಡಮ್ಮನ ಬಾಗಿಲಲ್ಲೇ ನಿಂತಿದ್ದರು. ಅವಳು ಮಚ್ಚಿನಿಂದ ಬೊಂಬನ್ನು ಸೀಳುವಳು, ಸೀಳಿದ್ದನ್ನು ಮತ್ತೆ ಸೀಳುವಳು, ಕಾಗದದಷ್ಟು ತೆಳ್ಳಗೆ ಮಾಡಿ ಹೆಣೆಯುವಳು. ಒಂದೇ ಬೊಂಬಿನಿಂದ ಬಂದ ನನ್ನ ಅಕ್ಕತಂಗಿಯರೆಲ್ಲ ಸಂಜೆಯೊಳಗೆ ಮೊರಗಳಾದರು, ಅರಿಸಿನ ಹಚ್ಚಿಸಿಕೊಂಡು ಜೋಡಿ ಜೋಡಿಯಾಗಿ ಹೊರಟರು. ನನ್ನ ಸರದಿ ಬಂದಾಗ ಮಚ್ಚು ಗಿಣ್ಣಿಗೆ ಸಿಕ್ಕಿಕೊಂಡಿತು. ಚೌಡಮ್ಮ ಎರಡು ಸಲ ಬಡಿದಳು, ಮೂರನೆಯ ಸಲ ಬೆರಳು ಕೊಯ್ದುಕೊಂಡಳು.

“ಇದು ಮೊಂಡು ಕಣಪ್ಪ. ಮೊರಕ್ಕೆ ಬರಾಕಿಲ್ಲ” ಎಂದು ನನ್ನನ್ನು ಗೋಡೆಗೆ ಒರಗಿಸಿದಳು.

ಆ ಮಾತು ಬಹಳ ದಿನ ನನ್ನನ್ನು ಕೊರೆಯಿತು. ಅವರಿಗೆಲ್ಲ ಅರಿಸಿನ ಕುಂಕುಮ, ನನಗೆ ಗೋಡೆಯ ಮೂಲೆ. ಮೂರು ವಾರ ಹಾಗೇ ನಿಂತಿದ್ದೆ. ಆಮೇಲೆ ಒಂದು ಬೆಳಿಗ್ಗೆ ಪ್ಲಂಬರ್ ಮರಿಸಿದ್ದಯ್ಯ ಬಂದ. ನನ್ನ ತುದಿ ಹಿಡಿದು ಬಿಲ್ಲಿನಂತೆ ಬಗ್ಗಿಸಿದ, ಬಿಟ್ಟ, ಮತ್ತೆ ಬಗ್ಗಿಸಿದ. “ಇದು ಬಗ್ಗತದೆ, ಮುರಿಯಾಕಿಲ್ಲ” ಎಂದು ಕೊಂಡುಕೊಂಡ. ನನ್ನಲ್ಲೂ ಒಂದು ಗುಣ ಕಂಡವನು ಅವನೇ ಮೊದಲು. ಆ ಗುಣವನ್ನು ಎಲ್ಲಿ ಬಳಸುತ್ತಾನೆಂದು ಆಗ ಗೊತ್ತಿದ್ದರೆ ಅಷ್ಟು ಖುಷಿ ಪಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ತುದಿಗೆ ಕಬ್ಬಿಣದ ಕೊಕ್ಕೆಯೊಂದನ್ನು ತಂತಿಯಿಂದ ಬಿಗಿದು, ನನ್ನನ್ನು ಸುರುಳಿ ಸುತ್ತಿ ಮೊಪೆಡ್ಡಿನ ಹಿಂದೆ ಕಟ್ಟಿದ. ಮಾರನೆಯ ದಿನವೇ ಒಂದು ಮನೆಯ ಬಚ್ಚಲಿನ ತೂತಿಗೆ ನನ್ನನ್ನು ನುಗ್ಗಿಸಿದ. ಮೊದಲ ದಿನದ ಅವಮಾನವನ್ನು ಬರೆಯುವುದಿಲ್ಲ. ಆದರೆ ಕಟ್ಟಿಕೊಂಡಿದ್ದ ನೀರು ಗಳಗಳನೆ ಇಳಿದು ಹೋದಾಗ ಆ ಮನೆಯವರ ಮುಖ ಅರಳಿತಲ್ಲ, ಅದನ್ನು ನೋಡಿದ ಮೇಲೆ ಮೂಗು ಮುರಿಯುವುದನ್ನು ಬಿಟ್ಟೆ.

ಮರಿಸಿದ್ದಯ್ಯನದು ಒಂದು ಪದ್ಧತಿ. ಮೋರಿಯಿಂದ ಏನು ಬಂತೋ ಅದನ್ನು ಹಳೆಯ ಪೇಪರಿನ ಮೇಲೆ ಹರಡಬೇಕು, ಓನರು, ಬಾಡಿಗೆಯವರು ಇಬ್ಬರೂ ನಿಂತು ನೋಡಬೇಕು, ಆಮೇಲೆಯೇ ಕೂಲಿಯ ಮಾತು. ಖರ್ಚು ಯಾರದು ಎಂಬ ಜಗಳ ಅವನು ಕಾಲಿಡುವ ಮೊದಲೇ ಶುರುವಾಗಿರುತ್ತಿತ್ತು. ಪೇಪರು ಬಿಚ್ಚಿದ ಮೇಲೆ ತಣ್ಣಗಾಗುತ್ತಿತ್ತು. ಒಂದು ಮನೆಯಲ್ಲಿ ಸೊಸೆಯ ಕೂದಲಿನಿಂದಲೇ ಹೀಗಾಯಿತೆಂದು ಅತ್ತೆ ಬೀದಿಗೆ ಕೇಳುವಂತೆ ಕೂಗಾಡಿದರು. ನಾನು ಎಳೆದು ತಂದದ್ದು ಮಾವನವರ ಹಲ್ಲುಸೆಟ್ಟು. ಎರಡು ತಿಂಗಳಿಂದ ಅವರು ಅದನ್ನು ಹುಡುಕುತ್ತಿದ್ದರಂತೆ.

ಹೀಗೆ ಹನ್ನೊಂದು ವರ್ಷ ಕಳೆದವು. ಆಮೇಲೆ ವಿಶಾಲಾಕ್ಷಮ್ಮನವರ ಮನೆಯ ಮೋರಿ ಕಟ್ಟಿತು.

ವಿಶಾಲಾಕ್ಷಮ್ಮನವರು ರಿಟೈರಾದ ಹೆಡ್ಮಿಸ್ಸು. ಅವರ ಮುಂದೆ ಯಾರೂ ಗೋಡೆಗೆ ಒರಗಿ ನಿಲ್ಲುತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಅವರ ಮನೆಯ ನಲ್ಲಿ, ಟ್ಯಾಂಕು ಎಲ್ಲ ಮರಿಸಿದ್ದಯ್ಯನದೇ ಕೈಕೆಲಸ. ಹಿತ್ತಿಲಿನಲ್ಲಿ ಎರಡು ಕೋಣೆಯ ಸಣ್ಣ ಮನೆಯೊಂದಿತ್ತು. ಮೂರು ವರ್ಷಗಳಿಂದ ಅಲ್ಲಿ ಲೂರ್ದು ಮೇರಿ ಎಂಬವಳು ಬಾಡಿಗೆಗಿದ್ದಳು. ಗಂಡ ತೀರಿಕೊಂಡ ಮೇಲೆ ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದಳು. ಅವಳ ಊಟ, ಬಾಡಿಗೆ, ಮಗಳ ನರ್ಸಿಂಗ್ ಓದು ಎಲ್ಲವೂ ಆ ಗ್ರೈಂಡರಿನಿಂದಲೇ ನಡೆಯಬೇಕಿತ್ತು. ಅವಳ ಅಡುಗೆಮನೆಯ ನೀರು, ವಿಶಾಲಾಕ್ಷಮ್ಮನವರ ಬಚ್ಚಲ ನೀರು ಎರಡೂ ಹಿತ್ತಿಲಿನ ಒಂದೇ ಚೇಂಬರು ಗುಂಡಿಗೆ ಬಂದು ಸೇರುತ್ತಿದ್ದವು. ಅಲ್ಲೇ ನೀರು ಕಟ್ಟಿ, ಹುಳಿ ವಾಸನೆ ಎದ್ದಿತ್ತು.

ವಿಶಾಲಾಕ್ಷಮ್ಮನವರು ಹಿಂಬಾಗಿಲ ಮೆಟ್ಟಿಲ ಮೇಲಿನಿಂದಲೇ ತೀರ್ಪು ಕೊಟ್ಟುಬಿಟ್ಟಿದ್ದರು. ಇದು ಹಿಟ್ಟಿನ ನೀರಿನ ಕೆಲಸ. ರಿಪೇರಿ ಖರ್ಚು ಮೇರಿಯದು. ಅಷ್ಟೇ ಅಲ್ಲ, ಗ್ರೈಂಡರ್ ನಿಲ್ಲಿಸಬೇಕು, ಇಲ್ಲವೇ ತಿಂಗಳ ಕೊನೆಗೆ ಮನೆ ಬಿಡಬೇಕು.

“ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ ಕಟ್ಟಿರಲಿಲ್ಲ ಮರಿಸಿದ್ದಯ್ಯ. ಇವಳು ಬಂದ್ಮೇಲೇ ಇದೆಲ್ಲ” ಎಂದರು. ಅವರು ಸುಳ್ಳು ಹೇಳುವವರಲ್ಲ. ಹಾಗೆಂದು ನಿಜವಾಗಿಯೂ ನಂಬಿದ್ದರು.

ಮೇರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲೇ ನಿಂತಳು. “ಅಣ್ಣ, ನನ್ನ ಹಿಟ್ಟಿಂದ ಅಂತ ಬಂದ್ರೆ ನಾನೇ ಕೊಡ್ತೀನಿ, ಮನೇನೂ ಬಿಡ್ತೀನಿ. ಆದ್ರೆ ನೀವು ನೋಡಿ ಹೇಳಿ” ಎಂದಳು.

ಚೇಂಬರಿನ ಮುಚ್ಚಳ ತೆಗೆದು ಮರಿಸಿದ್ದಯ್ಯ ನನ್ನನ್ನು ಒಳಗೆ ಬಿಟ್ಟ. ಮೊದಲು ಮೇರಿಯ ಕಡೆಯ ಪೈಪು. ಅಲ್ಲಿ ಸ್ವಲ್ಪ ಜಾರಿಕೆ ಇತ್ತು, ಹಿಟ್ಟು ಹಿಟ್ಟೇ ತಾನೆ. ಆದರೆ ನಾನು ಸಲೀಸಾಗಿ ಹೋಗಿ ಬಂದೆ. ಆಮೇಲೆ ಚೇಂಬರಿನಿಂದ ಬೀದಿಯ ಕಡೆಗೆ ಹೋಗುವ ಪೈಪು. ನಾಲ್ಕು ಅಡಿ ಹೋದೆ, ಐದು ಅಡಿ ಹೋದೆ, ತಿರುವಿನಲ್ಲಿ ಧಡ್ಡೆಂದು ನಿಂತೆ. ತಲೆ ಯಾವುದಕ್ಕೋ ಹೂತಿತು. ಅದು ಹಿಟ್ಟಲ್ಲ. ಮಣ್ಣು. ಹೊಲದ ಮಣ್ಣೂ ಅಲ್ಲ, ಕೆರೆಯ ತಳದ ನುಣ್ಣನೆಯ ಜೇಡಿಮಣ್ಣು. ಮಣ್ಣಿನಲ್ಲೇ ಹುಟ್ಟಿದವನಿಗೆ ಮಣ್ಣಿನ ಗುರುತು ಹೇಗೆ ತಪ್ಪುತ್ತದೆ? ಪಟ್ಟಣದ ಬಚ್ಚಲಿಗೆ ಜೇಡಿಮಣ್ಣು ಎಲ್ಲಿಂದ ಬಂತೆಂದು ಮಾತ್ರ ತಿಳಿಯಲಿಲ್ಲ.

ಮರಿಸಿದ್ದಯ್ಯ ತಿರುಚಿದ, ಕೊಕ್ಕೆ ಯಾವುದಕ್ಕೋ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಕಾಲು ಊರಿ, ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದ. ನನ್ನ ಐದನೆಯ ಅಡಿಯ ಗಿಣ್ಣಿನಲ್ಲಿ ಚಟ್ಟೆಂದಿತು. ಆದರೂ ನಾರು ಬಿಡಲಿಲ್ಲ ನಾನು. ಮುರಿದ ತುದಿಯನ್ನು ಒಂದೆರಡು ಎಳೆಗಳಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. ಹಿಂದೆಯೇ ಕಟ್ಟಿದ್ದ ನೀರೆಲ್ಲ ಭರ್ರೆಂದು ಇಳಿದು ಹೋಯಿತು.

ಕೊಕ್ಕೆಗೆ ಸುತ್ತಿಕೊಂಡು ಬಂದದ್ದು ಜೇಡಿಮಣ್ಣಿನ ಒಂದು ದೊಡ್ಡ ಮುದ್ದೆ, ಅದರ ತುಂಬ ಹತ್ತಿಯ ಎಳೆ. ಮರಿಸಿದ್ದಯ್ಯ ಅದನ್ನು ಪೇಪರಿನ ಮೇಲಿಟ್ಟು ಹೆಬ್ಬೆರಳಿನಿಂದ ಒರೆಸಿ ನೋಡಿದ. ಗೆಜ್ಜೆವಸ್ತ್ರ. ಗಣಪತಿಯ ಕೊರಳಿಗೆ ಹಾಕುವ ಹತ್ತಿಯ ಹಾರ. ಒಂದಲ್ಲ, ಮೂರು. ಗಣೇಶನ ಹಬ್ಬ ಕಳೆದು ವಾರವಾಗಿತ್ತಷ್ಟೆ.

ಅವನು ಮೇಲೆ ಮೆಟ್ಟಿಲ ಕಡೆ ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಕೈ ಪೇಪರನ್ನು ಬಿಚ್ಚುವ ಬದಲು ಮಡಚಲು ಹೊರಟಿತು. ಇಪ್ಪತ್ತು ವರ್ಷ ಕೆಲಸ ಕೊಟ್ಟ ಮನೆ, ಗೌರವಸ್ಥ ಹೆಂಗಸು, ಮರ್ಯಾದೆ ಉಳಿಸೋಣವೆಂದು ಅವನಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಉಳಿಸಿದ್ದರೆ ಅದರ ಬೆಲೆಯನ್ನು ಕೊಡುವವಳು ಮೇರಿ. ಅವನು ಅವಳ ಕಡೆ ತಿರುಗಿದ. ಅವಳು ಪೇಪರನ್ನೇ ನೋಡುತ್ತಿದ್ದಳು. ಮರಿಸಿದ್ದಯ್ಯ ಪೇಪರನ್ನು ಪೂರ್ತಿ ಬಿಚ್ಚಿದ.

“ಅಮ್ಮಾವ್ರೆ, ಒಸಿ ಇಳಿದು ಬಂದು ನೋಡಿ.”

“ಮಂಡಿನೋವು ಕಣಯ್ಯ, ಮೆಟ್ಟಿಲು ಇಳಿಯಕ್ಕಾಗಲ್ಲ. ಅಲ್ಲಿಂದ್ಲೇ ಹೇಳು.”

ಅವನು ಹೇಳಲಿಲ್ಲ. ಪೇಪರನ್ನು ಎತ್ತಿಕೊಂಡು ಆರು ಮೆಟ್ಟಿಲು ಹತ್ತಿ ಅವರ ಮುಂದೆ ಹಿಡಿದ. ವಿಶಾಲಾಕ್ಷಮ್ಮನವರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಕುಂಕುಮದ ಬಣ್ಣವೆಲ್ಲ ಹೋಗಿತ್ತು. ಆದರೆ ಆ ಹತ್ತಿಯನ್ನು ಹಿಂಜಿ, ಎಳೆದು, ಗಂಟು ಕಟ್ಟಿದ್ದು ಅವರದೇ ಬೆರಳು.

ಆಮೇಲೆ ಅವರೇ ಹೇಳಿದರು. ಮಂಡಿ ಕೈಕೊಡುವ ತನಕ ಪ್ರತಿ ವರ್ಷವೂ ಗಣಪತಿಯನ್ನು ಬಕೆಟ್ಟಿನಲ್ಲಿ ಬಿಟ್ಟು, ಮಣ್ಣು ಕರಗಿದ ಮೇಲೆ ಹೊತ್ತು ತಂದು ಹಿತ್ತಿಲಿನ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಮೂರು ವರ್ಷಗಳಿಂದ ಮೆಟ್ಟಿಲು ಇಳಿಯಲಾಗದೆ ಬಚ್ಚಲಿಗೇ ಬಿಡುತ್ತಿದ್ದರು. ಹಾಗೆ ಮಾಡಬಾರದೆಂದು ಗೊತ್ತಿದ್ದರಿಂದ ಕಣ್ಣು ಮುಚ್ಚಿಕೊಂಡೇ ಸುರಿದು, ಹಾರ ತೆಗೆಯುವ ಧೈರ್ಯವೂ ಇಲ್ಲದೆ, ಮೇಲೆ ನಾಲ್ಕು ಚೊಂಬು ನೀರು ಹಾಕಿ ಕೈಮುಗಿಯುತ್ತಿದ್ದರು. ಮಣ್ಣು ನೀರಾಗಿ ಹೋಯಿತು ಎಂದುಕೊಂಡಿದ್ದರು.

“ತಪ್ಪು ನಂದು, ಮೇರಿ” ಎಂದರು. “ಖರ್ಚೂ ನಂದೇ. ಆಡಿದ ಮಾತು ವಾಪಸ್ ತಗೊಂಡೆ.”

ಮೇರಿ ಕ್ಷಮಿಸಿದೆ ಎನ್ನಲಿಲ್ಲ. “ಎರಡು ದಿನದಿಂದ ನಾನು ಅನ್ನ ತಿಂದಿಲ್ಲ ಅಮ್ಮ, ಮಗಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ ಅಂತ” ಎಂದಳು. ತನ್ನ ಬಾಗಿಲ ಕಡೆ ಕೈ ತೋರಿಸಿ ಮತ್ತೆ ಹೇಳಿದಳು: “ಹತ್ತು ಹೆಜ್ಜೆ ದೂರದಲ್ಲಿ ಇದ್ದೆನಲ್ಲ. ಒಂದು ಮಾತು ಕೂಗಿದ್ರೆ ಬಕೆಟ್ ನಾನು ಎತ್ತಿಕೊಡ್ತಿರಲಿಲ್ವಾ?”

ಜೀವಮಾನವೆಲ್ಲ ಮಕ್ಕಳಿಗೆ ಪ್ರಶ್ನೆ ಕೇಳಿದ ಹೆಡ್ಮಿಸ್ಸಿಗೆ ಒಂದು ಸಹಾಯ ಕೇಳುವುದು ಮಾತ್ರ ಬರುತ್ತಿರಲಿಲ್ಲ.

ಮರಿಸಿದ್ದಯ್ಯ ಕೂಲಿ ತೆಗೆದುಕೊಂಡ. ಮುರಿದ ನನ್ನನ್ನು ಕೈಯಲ್ಲಿ ಹಿಡಿದು ಸವರಿದ. ಸ್ಟೀಲ್ ಸ್ಪ್ರಿಂಗಿನ ಮಿಷನ್ನು ತರಿಸುವುದಾಗಿ ಅವನು ಆಗಲೇ ಮಾತಾಡಿಕೊಂಡಿದ್ದನಂತೆ. ನನಗೆ ಮಾತ್ರ ಹೇಳಿರಲಿಲ್ಲ. ಮುರಿದ ಐದು ಅಡಿ ಮೇರಿಯ ನೀರೊಲೆಗೆ ಹೋಯಿತು. ಉಳಿದ ನನ್ನನ್ನು ಬಿಸಾಡಲು ಹೊರಟವನನ್ನು ಅವಳು ತಡೆದಳು. “ಬಿಡಿ ಅಣ್ಣ, ಹೀರೆಬಳ್ಳಿಗೆ ಆಸರೆ ಬೇಕಿತ್ತು” ಎಂದಳು. ಸೋಪಿನ ನೀರಿನಲ್ಲಿ ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಹಿತ್ತಿಲಿನಲ್ಲಿ ಹೂತಳು. ನಾನು ಮತ್ತೆ ನೆಟ್ಟಗೆ ನಿಂತೆ, ಅದೂ ಬಿಸಿಲಿನಲ್ಲಿ.

ಮೊದಲು ಕೆಲವು ತಿಂಗಳು ಎರಡು ಮನೆಗಳ ನಡುವೆ ಮಾತು ಕಡಿಮೆಯಿತ್ತು. ಹೀರೆಕಾಯಿ ಮೊದಲು ಬಿಟ್ಟಾಗ ಮೇರಿ ಎರಡನ್ನು ಕಿತ್ತು ಮೇಲಿನ ಮೆಟ್ಟಿಲಿನ ಮೇಲೆ ಇಟ್ಟು ಬಂದಳು. ಸಂಜೆ ಆ ಜಾಗದಲ್ಲಿ ಹೀರೆಸಿಪ್ಪೆಯ ಚಟ್ನಿಯ ಬಟ್ಟಲಿತ್ತು. ಅಲ್ಲಿಂದ ಮುಂದೆ ಬಟ್ಟಲುಗಳು ಓಡಾಡತೊಡಗಿದವು. ಗ್ರೈಂಡರ್ ಸದ್ದು ನಿಲ್ಲಲಿಲ್ಲ. ಮೇರಿ ನನ್ನ ಪಕ್ಕದಲ್ಲೇ ಕುಳಿತು ಮೊರದಲ್ಲಿ ಉದ್ದಿನಬೇಳೆ ಕೇರುತ್ತಾಳೆ. ಆ ಮೊರವನ್ನು ನಾನು ಈಗ ಹೊಟ್ಟೆಕಿಚ್ಚಿಲ್ಲದೆ ನೋಡುತ್ತೇನೆ.

ಈ ವರ್ಷದ ಗಣೇಶನ ಹಬ್ಬ ಮೊನ್ನೆ ಮುಗಿಯಿತು. ಸಂಜೆ ಪೂಜೆಯ ಗಂಟೆ ನಿಂತಿತು. ಆಮೇಲೆ ಹಿಂಬಾಗಿಲು ತೆರೆಯಿತು. ವಿಶಾಲಾಕ್ಷಮ್ಮನವರು ಮೆಟ್ಟಿಲ ಮೇಲೆ ನಿಂತಿದ್ದರು. ಬಾಯಿ ತೆರೆದರು, ಮುಚ್ಚಿದರು, ಸೆರಗು ಸರಿಮಾಡಿಕೊಂಡರು.

“ಮೇರಿ, ಬಕೆಟ್ಟು ಎತ್ತಕ್ಕಾಗ್ತಿಲ್ಲ ಕಣೇ. ಒಂಚೂರು ಬರ್ತೀಯಾ?”

ಮೇರಿ ಗ್ರೈಂಡರ್ ಆರಿಸಿ, ಕೈ ತೊಳೆದುಕೊಂಡು ಹೋದಳು. ಕೊರಳ ಗೆಜ್ಜೆವಸ್ತ್ರವನ್ನು ಅವರು ಈ ಸಲ ಮೊದಲೇ ತೆಗೆದಿಟ್ಟಿದ್ದರು. ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದವಳು ಎಲ್ಲಿ ಸುರಿಯಲಿ ಎಂದು ತಿರುಗಿ ಕೇಳಿದಳು. ಹೀರೆಬಳ್ಳಿಯ ಬುಡಕ್ಕೇ ಸುರಿ ಎಂದು ಮೇಲಿನಿಂದ ಹೇಳಿದರು.

ತಣ್ಣನೆಯ ಜೇಡಿಮಣ್ಣಿನ ನೀರು ನನ್ನ ಕಾಲ ಸುತ್ತ ನಿಧಾನವಾಗಿ ಹರಡಿತು. ಅದರಲ್ಲಿ ಚೂರು ಅರಿಸಿನವೂ ಇತ್ತು, ಕುಂಕುಮವೂ ಇತ್ತು. ಅಂದು ಬಂಬೂ ಬಜಾರಿನಿಂದ ನನ್ನ ಅಕ್ಕತಂಗಿಯರು ಹಚ್ಚಿಸಿಕೊಂಡು ಹೊರಟದ್ದು ಅದನ್ನೇ. ಮೇರಿ ಮಣ್ಣನ್ನು ಬುಡಕ್ಕೆ ಒತ್ತಿ, ನನ್ನನ್ನು ಒಮ್ಮೆ ಅಲ್ಲಾಡಿಸಿ ಗಟ್ಟಿಯಾಗಿದೆಯೇ ಎಂದು ನೋಡಿದಳು. ಗಟ್ಟಿಯಾಗಿದ್ದೆ.